ಕೋಡ್ ಇಲ್ಲದ ಮಾಡ್‌ಗಳ ಮಿತಿ

ಕೋಡ್ ಬರೆಯದೆ ಗೇಮ್‌ಗೆ ಮಾಡ್ (ಆಟಗಾರರೇ ಆಟಕ್ಕೆ ಸೇರಿಸುವ ಬದಲಾವಣೆ) ತಯಾರಿಸುವ, ಮೈನ್‌ಕ್ರಾಫ್ಟ್‌ಗಿರುವ ಎಂಕ್ರಿಯೇಟರ್‌ನಂಥ ಟೂಲ್‌ಗಳ ಬಗ್ಗೆ ಈಚೆಗೆ ಜಾಸ್ತಿ ಯೋಚಿಸುತ್ತಿದ್ದೇನೆ. ಹೊಸ ಕತ್ತಿ, ಹೊಸ ಪ್ರಾಣಿ ಸೇರಿಸುವವರೆಗೂ ಇವು ಸೊಗಸು. ಗೇಮ್‌ನ ಮೂಲ ನಡವಳಿಕೆಯನ್ನೇ ಬದಲಿಸಬೇಕು ಅಂದಾಗ ದಾರಿ ಮುಚ್ಚಿಹೋಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ವೇಗದ ವಿಷಯ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್ (ಆಟದ ಲೋಕ ಒಂದು ಹೆಜ್ಜೆ ಮುಂದೆ ಸಾಗುವ ಸುತ್ತು) ಓಡುತ್ತದೆ, ಅಂದರೆ ಒಂದೊಂದಕ್ಕೆ 50 ಮಿಲಿಸೆಕೆಂಡ್ ಸಮಯ. ಈ ಟೂಲ್‌ಗಳಲ್ಲಿ ಕೋಡ್ ಬದಲು ಬಣ್ಣದ ತುಣುಕುಗಳನ್ನು ಜೋಡಿಸುತ್ತೇವೆ; 'ಪ್ರತಿ ಟಿಕ್‌ಗೂ ಪರೀಕ್ಷಿಸು' ಅಂತ ಒಂದು ತುಣುಕನ್ನು ಎಳೆದು ಹಾಕುವುದು ಎಷ್ಟು ಸುಲಭ! ಆದರೆ ಆಟಗಾರನ ಸುತ್ತಲಿನ ನೂರಾರು ಬ್ಲಾಕ್‌ಗಳನ್ನು (ಆ ಲೋಕ ಕಟ್ಟಿರುವ ಇಟ್ಟಿಗೆಯಂಥ ಘನಗಳು) ಸೆಕೆಂಡಿಗೆ 20 ಸಲ ಹುಡುಕುವ ಕೆಲಸ ಅದಾಗಬಹುದು. ಒಬ್ಬರೇ ಆಡುವಾಗ ಗೊತ್ತೇ ಆಗದಿರಬಹುದು. ಸರ್ವರ್‌ನಲ್ಲಿ ಹತ್ತಾರು ಜನ ಸೇರಿದಾಗ ಎಲ್ಲರ ಆಟವೂ ತಡವರಿಸುತ್ತದೆ. ಪರದೆಯ ಮೇಲಿನ ಆ ಬಣ್ಣದ ತುಣುಕು ಈ ಹೊರೆಯನ್ನು ತೋರಿಸುವುದೇ ಇಲ್ಲ, ಅಲ್ವಾ?

ಇನ್ನು ಹೊಸ ಆವೃತ್ತಿಗಳು. 2018ರಲ್ಲಿ ಮೈನ್‌ಕ್ರಾಫ್ಟ್‌ನ 1.13 ಆವೃತ್ತಿ ಬಂದಾಗ ಬ್ಲಾಕ್‌ಗಳ ಹಳೆಯ ಗುರುತಿನ ಸಂಖ್ಯೆಗಳೇ ಹೋದವು. ಕೋಡ್ ಬರೆಯುವವರಿಗೂ ಕಷ್ಟವೇ ಆಯಿತು, ಆದರೆ ಅವರು ಕೂತು ತಿದ್ದಬಹುದು. ಟೂಲ್ ನಂಬಿದವರು ಅದು ಅಪ್‌ಡೇಟ್ ಆಗುವವರೆಗೆ ಕಾಯಬೇಕು. ಕ್ರ್ಯಾಶ್ ಆದರೆ ಬರುವ ವರದಿಯೂ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೇ ಅರ್ಥವಾಗುವಂಥದ್ದು.

ಆದರೂ ಹೊಸಬರನ್ನು 'ಇದು ನಿಜವಾದ ಮಾಡ್ ಅಲ್ಲ' ಎಂದು ಸುಮ್ನೆ ಹಂಗಿಸುವುದು ನನಗೆ ಇಷ್ಟವಿಲ್ಲ. ಎಂಕ್ರಿಯೇಟರ್ ತಾನು ತಯಾರಿಸಿದ ಜಾವಾ ಕೋಡನ್ನು ತೆರೆದು ತೋರಿಸುತ್ತದೆ. ಅದನ್ನು ಓದಿ. ಒಂದು ಸಂಖ್ಯೆ ಬದಲಿಸಿ ನೋಡಿ. ಅದಕ್ಕೂ ಮೊದಲು ಆ ಭಾಗವನ್ನು ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಟೂಲ್ ನಿಮ್ಮ ತಿದ್ದುಪಡಿಯ ಮೇಲೆ ಮತ್ತೆ ಬರೆದುಬಿಡುತ್ತದೆ.