‘ಇಂಜಿನ್ ಸ್ಟಾರ್ಟ್ ಮಾಡಿಸಲು ಎಷ್ಟಾಗುತ್ತದೆ?’ ಎಂದು ಕೇಳುವವರಿಗೆ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ, ಅಡಿಕೆ ಬೇಯಿಸುವ ಒಲೆಯ ಪಕ್ಕದ ಮಾಡಿನ ಕೆಳಗೆ ಹನ್ನೊಂದು ವರ್ಷ ಅಲುಗಾಡದೆ ನಿಂತಿದ್ದ ಅಪ್ಪನ ಕಾಂಟೆಸ್ಸಾ ಕಾರು ಮತ್ತೆ ರಸ್ತೆಗಿಳಿದಿದೆ ಎಂಬ ಸುದ್ದಿ ಹರಡಿದ ಮೇಲೆ, ತಮ್ಮ ಮನೆಯಲ್ಲೂ ಅಜ್ಜನದೋ ಮಾವನದೋ ಹಳೆಯ ಕಾರೊಂದು ಹೀಗೇ ನಿಂತಿದೆ ಎನ್ನುವವರ ಫೋನ್ ನಿಂತಿಲ್ಲ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಇಂಜಿನ್ ಸ್ಟಾರ್ಟ್ ಮಾಡಿಸಲು ಎಷ್ಟಾಗುತ್ತದೆ?’ ಇಂಜಿನ್ನಿನ ವಿಚಾರ ಆಮೇಲೆ ನೋಡೋಣ, ಮೊದಲು ತಗಡು ನೋಡಿ ಎಂಬ ನನ್ನ ಉತ್ತರ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಫೋನಿನಲ್ಲಿ ಪೂರ್ತಿಯಾಗಿ ಹೇಳಲಾಗದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಂಟೆಸ್ಸಾವನ್ನು ನೋಡದ ಹುಡುಗರಿಗಾಗಿ ನಾಲ್ಕು ಮಾತು ಹೇಳಬೇಕು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯೇ 1984ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಇದನ್ನು ಹೊರತಂದಿತು. 2002ರಲ್ಲಿ ತಯಾರಿಕೆ ನಿಂತಿತು. ಉದ್ದ ಬಾನೆಟ್ಟು, ಎದುರಿಗೆ ನಾಲ್ಕು ದುಂಡು ದೀಪ, ಹಿಂದಿನ ಚಕ್ರ ತಿರುಗಿಸುವ ಗಾಡಿ. ‘ಭಾರತದ ಮಸಲ್ ಕಾರು’ (ಭಾರೀ ಇಂಜಿನ್ನಿನ ಕಟ್ಟುಮಸ್ತು ಕಾರು) ಎಂದು ಅಭಿಮಾನಿಗಳು ಕರೆಯುವುದನ್ನು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. 1964ರಲ್ಲಿ ಅಮೆರಿಕದಲ್ಲಿ ಮಸಲ್ ಕಾರುಗಳ ಗೀಳು ಹಚ್ಚಿದ ಪಾಂಟಿಯಾಕ್ ಜಿಟಿಓ ಕಾರಿನಲ್ಲಿ 6.4 ಲೀಟರಿನ ವಿ8 ಇಂಜಿನ್ ಇದ್ದು ಅದು 325 ಕುದುರೆಗಳ ಶಕ್ತಿ ಕೊಡುತ್ತಿತ್ತು. ನಮ್ಮ ಕಾಂಟೆಸ್ಸಾ ಬಂದದ್ದು ಅಂಬಾಸಿಡರಿನದೇ 1,489 ಸಿಸಿ ಇಂಜಿನ್ ಹೊತ್ತುಕೊಂಡು, ಅದರ ಶಕ್ತಿ ಸುಮಾರು 50 ಕುದುರೆ. ಆನೆಯಂಥ ಮೈಗೆ ಅದು ಏನೇನೂ ಸಾಲುತ್ತಿರಲಿಲ್ಲ. ಆಮೇಲೆ ಇಸುಜು ಕಂಪನಿಯ 1,817 ಸಿಸಿ ಇಂಜಿನ್ ಮತ್ತು ಐದು ಗೇರು ಬಂದು ಶಕ್ತಿ 88 ಕುದುರೆಗೆ ಏರಿದಾಗಲೇ ಅದಕ್ಕೆ ಮರ್ಯಾದೆ ಬಂದದ್ದು. ಆದರೂ ಕರೆದದ್ದು ಪೂರ್ತಿ ಸುಳ್ಳಲ್ಲ. ಕಾಂಟೆಸ್ಸಾದ ಮೈಕಟ್ಟು ಎಪ್ಪತ್ತರ ದಶಕದ ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನದು. ಆ ವಾಕ್ಸ್‌ಹಾಲ್ ಆಗ ಅಮೆರಿಕದ ಜನರಲ್ ಮೋಟಾರ್ಸ್‌ನ ಒಡೆತನದಲ್ಲಿತ್ತು, ಪಾಂಟಿಯಾಕ್ ಕೂಡ ಅದರದೇ. ಹಾಗಾಗಿ ದೂರದ ದಾಯಾದಿ ಎನ್ನಲು ಅಡ್ಡಿಯಿಲ್ಲ.

ಅಪ್ಪ 1991ರಲ್ಲಿ ಕೊಂಡದ್ದು ಈ ಇಸುಜು ಇಂಜಿನ್ನಿನ ಗಾಡಿ. 2008ರ ಮಳೆಗಾಲಕ್ಕೆ ಮುಂಚೆ ಮಾಡಿನಡಿ ನಿಲ್ಲಿಸಿದರು, ಮಳೆ ಮುಗಿದ ಮೇಲೂ ತೆಗೆಯಲಿಲ್ಲ. ಅವರ ಕಣ್ಣು ಮಂಜಾಗಿತ್ತು, ನನಗೆ ಆಗ ಬೆಂಗಳೂರು ಬಿಟ್ಟು ಬರುವ ಪುರುಸೊತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ, 2019ರಲ್ಲಿ ನಾನು ಬಾನೆಟ್ ಎತ್ತಿದೆ. ಎಲ್ಲರಂತೆ ನಾನೂ ಮೊದಲು ಕೇಳಿದ ಪ್ರಶ್ನೆ ಇಂಜಿನ್ನಿನದೇ ಆಗಿತ್ತು. ಕರೆಸಿದ ಮೆಕ್ಯಾನಿಕ್ ಕಾರ್ಬುರೇಟರಿಗೆ ಒಂದಿಷ್ಟು ಪೆಟ್ರೋಲ್ ಸುರಿದು, ಹೊಸ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದ. ಕಟ್ ಎಂದು ಒಂದು ಸದ್ದಾಗಿ ನಿಂತಿತು. ಆತ ಸುಮ್ಮನಾಗಬೇಕಿತ್ತು, ನಾಲ್ಕು ಜನರನ್ನು ಸೇರಿಸಿ ಗೇರಿನಲ್ಲಿ ಹಾಕಿ ನೂಕಿಸಿದ. ಸಿಲಿಂಡರಿನ ಗೋಡೆಗೆ ತುಕ್ಕಿನಲ್ಲಿ ಅಂಟಿಕೊಂಡಿದ್ದ ಪಿಸ್ಟನ್ ರಿಂಗು ಮುರಿದು ಗೀರು ಎಳೆದದ್ದರಿಂದ, ಬರೀ ರಿಂಗಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಲೇತಿಗೆ ಹೋಗಿ ಬೋರ್ ಮಾಡಿಸುವವರೆಗೆ, ಅಂದರೆ ಸಿಲಿಂಡರನ್ನು ಒಳಗಿಂದ ಕೊರೆಸುವವರೆಗೆ ಬೆಳೆಯಿತು.

ಮಾಡಬೇಕಾದದ್ದು ಇಷ್ಟೇ ಇತ್ತು: ನಾಲ್ಕೂ ಪ್ಲಗ್ ಬಿಚ್ಚಿ, ತೂತಿನೊಳಗೆ ಒಂದೊಂದು ಚಮಚ ತೆಳು ಎಣ್ಣೆ ಬಿಟ್ಟು, ನಾಲ್ಕೈದು ದಿನ ಹಾಗೇ ಬಿಡಬೇಕು. ಆಮೇಲೆ ಸೆಲ್ಫ್ ಮುಟ್ಟದೆ, ಇಂಜಿನ್ನಿನ ಮುಂಭಾಗದ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಕೈಯಿಂದ ನವಿರಾಗಿ ಹಿಂದೆ ಮುಂದೆ ಅಲುಗಿಸಿ ನೋಡಬೇಕು. ಕೈಗೆ ತಿರುಗದ ಇಂಜಿನ್ನನ್ನು ಬ್ಯಾಟರಿಯಿಂದ ತಿರುಗಿಸಲು ಹೋಗಬಾರದು. ಹಳೆಯ ಟ್ಯಾಂಕಿನ ಪೆಟ್ರೋಲನ್ನಂತೂ ಬಳಸುವ ಹಾಗೇ ಇಲ್ಲ. ನಮ್ಮದು ಹೊರಬಂದಾಗ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಹಳೆಯ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು.

ಇಷ್ಟಾದರೂ ಇಂಜಿನ್ನಿಗೆ ಆದ ಖರ್ಚು ಒಟ್ಟು ಖರ್ಚಿನ ಐದನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಅರ್ಧಕ್ಕಿಂತ ಹೆಚ್ಚು ನುಂಗಿದ್ದು ತಗಡು. ಕಾರಣ ಗಾಡಿಯ ಕಟ್ಟಡದಲ್ಲಿಯೇ ಇದೆ. ಜೀಪಿಗೆ ಕೆಳಗೆ ಬೇರೆಯೇ ಒಂದು ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು ಇರುತ್ತದೆ, ಮೇಲಿನ ಮೈ ಕೊಳೆತರೂ ಅದನ್ನು ಕಳಚಿ ಬೇರೆ ಮೈ ಕೂರಿಸಬಹುದು. ಕಾಂಟೆಸ್ಸಾಕ್ಕೆ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಪಟ್ಟಿ, ಕಂಬಗಳು, ಮೇಲ್ಛಾವಣಿ, ಎಲ್ಲವೂ ಒಟ್ಟಾಗಿಯೇ ಗಾಡಿಯ ಎಲುಬು. ಹಾಗಾಗಿ ಬಾಗಿಲಿನ ಕೆಳಗಿನ ಆ ಪಟ್ಟಿ ಒಳಗಿಂದ ಕೊಳೆತಿದ್ದರೆ, ಬಣ್ಣ ಎಷ್ಟೇ ಹೊಳೆಯಲಿ, ಅದು ಬೆನ್ನುಮೂಳೆ ಮುರಿದ ಗಾಡಿ.

ನಮ್ಮ ಗಾಡಿಯ ಹೊರಮೈಯಲ್ಲಿ ಕಂಡದ್ದು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಬಣ್ಣ ಅಲ್ಲಲ್ಲಿ ಉಬ್ಬಿದ್ದು ಮಾತ್ರ. ಟಿಂಕರಿಂಗ್, ಅಂದರೆ ಗಾಡಿಯ ತಗಡು ರಿಪೇರಿ ಕೆಲಸದ ಹಿರಿಯರೊಬ್ಬರು ಬಂದು, ಏನೂ ಮಾತಾಡದೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಗಾಡಿಯ ಸುತ್ತ ತಟ್ಟುತ್ತಾ ಹೋದರು. ತೆಂಗಿನಕಾಯಿ ತಟ್ಟಿ ನೋಡುವವರ ಹಾಗೆ ಕಿವಿ ಕೊಟ್ಟು ಕೇಳುತ್ತಿದ್ದರು. ಠಣ್, ಠಣ್ ಎನ್ನುತ್ತಿದ್ದ ಸದ್ದು ಚಾಲಕನ ಬಾಗಿಲಿನ ಕೆಳಗೆ ಬಂದಾಗ ದೊಪ್ ಎಂದಿತು. ಸ್ಕ್ರೂ ಡ್ರೈವರನ್ನು ತಿರುಗಿಸಿ ಹಿಡಿದು ಮೊನೆಯಿಂದ ಮೆಲ್ಲಗೆ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಆಮೇಲೆ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ, ಅದರ ಕೆಳಗಿನ ಗೋಣಿನಾರಿನ ಹಾಸು ಹನ್ನೊಂದು ಮಳೆಗಾಲದ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಂಡಿತ್ತು. ಅದನ್ನು ಕಿತ್ತಾಗ ನೆಲದ ತಗಡು ಅದರ ಜೊತೆಗೇ ಎದ್ದು ಬಂತು, ತೂತಿನೊಳಗಿಂದ ಮಾಡಿನ ಮಣ್ಣು ಕಂಡಿತು. ನೀರು ಬಂದದ್ದು ಮಾಡು ಸೋರಿದ್ದಕ್ಕಲ್ಲ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿತ್ತು, ಇರಚಲು ಅಲ್ಲಿಂದ ಇಳಿಯುತ್ತಿತ್ತು. ಒಂದು ಬೀಡಿಂಗ್ ಬದಲಿಸಿದ್ದರೆ ಉಳಿಯುತ್ತಿದ್ದ ನೆಲಕ್ಕೆ ಕಡೆಗೆ ನಾನು ಕೊಟ್ಟದ್ದು ಎರಡು ತಿಂಗಳ ಸಂಬಳ.

ಇಲ್ಲಿ ಒಂದು ಎಚ್ಚರಿಕೆ. ಕೊಳೆತ ಜಾಗದ ಮೇಲೆ ಹೊಸ ತಗಡಿನ ತುಂಡು ಹೊದಿಸಿ, ಪುಟ್ಟಿ ಮೆತ್ತಿ, ಉಜ್ಜಿ ಬಣ್ಣ ಹೊಡೆದು ಹದಿನೈದೇ ದಿನದಲ್ಲಿ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಒಳಗಿನ ತುಕ್ಕು ಹಾಗೇ ಇರುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಪುಟ್ಟಿಯನ್ನು ಎತ್ತಿ ಹೊರಬರುತ್ತದೆ. ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ತಗಡು ಬಗ್ಗಿಸಿ ಬೆಸೆಯುವ ಕೆಲಸಕ್ಕೆ ನಮ್ಮಲ್ಲಿ ಏಳು ತಿಂಗಳು ಹಿಡಿಯಿತು. ಬಾಗಿಲುಗಳನ್ನು ಕಳಚುವ ಮೊದಲು ಒಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದು ಮೈಯನ್ನು ಕಟ್ಟಿಕೊಂಡದ್ದರಿಂದಲೇ ಕೆಲಸ ಮುಗಿದ ಮೇಲೆ ಬಾಗಿಲುಗಳು ಸರಿಯಾಗಿ ಕೂತವು.

ಬ್ರೇಕು, ವೈರಿಂಗು, ಟೈರುಗಳ ವಿಚಾರದಲ್ಲಿ ಯೋಚಿಸುವುದೇ ಬೇಡ, ಎಲ್ಲವನ್ನೂ ಬದಲಿಸಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ನಿಂತ ಗಾಡಿಯ ಬ್ರೇಕ್ ಸಿಲಿಂಡರುಗಳು ಒಳಗಿಂದಲೇ ತುಕ್ಕು ಹಿಡಿಯುತ್ತವೆ. ವೈರುಗಳನ್ನು ಇಲಿ ತಿಂದಿತ್ತು, ಹಿಂದಿನ ಸೀಟಿನಡಿ ಅಡಿಕೆ ಸಿಪ್ಪೆಯಲ್ಲಿ ಸೊಗಸಾದ ಗೂಡು ಕಟ್ಟಿತ್ತು. ಟೈರುಗಳು ನೋಡಲು ಹೊಸದರಂತಿದ್ದವು, ಆದರೆ ಪಕ್ಕದಲ್ಲಿ 3204 ಎಂದು ಅಚ್ಚಾಗಿತ್ತು. 2004ರ 32ನೇ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ಇಂದು ಈ ಕೆಲಸ ಹಿಡಿಯುವವರು ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವ ರಬ್ಬರಿನವನ್ನೇ ಹಾಕಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದ್ದು, ಹಳೆಯ ರಬ್ಬರನ್ನು ಅದು ತಿನ್ನುತ್ತದೆ.

ತಗಡಿನಷ್ಟೇ ಮೊದಲು ನೋಡಬೇಕಾದದ್ದು ಕಾಗದಪತ್ರ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಗಾಡಿ ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ‘ವಿಂಟೇಜ್ ಎಂದು ಮಾಡಿಸಿ’ ಎನ್ನುವ ಸಲಹೆ ಕೊಡುವವರಿದ್ದಾರೆ. ಅದಕ್ಕೆ 50 ವರ್ಷ ತುಂಬಿರಬೇಕು, ಯಾವ ಕಾಂಟೆಸ್ಸಾಕ್ಕೂ ಇನ್ನೂ ಆ ವಯಸ್ಸಾಗಿಲ್ಲ.

ತಗಡು ಮತ್ತು ಕಾಗದ ಎರಡೂ ಒಂದೇ ಎಂಬುದು ನನಗೆ ತಿಳಿದದ್ದು ಆರ್‌ಸಿ ನವೀಕರಣದ ತಪಾಸಣೆಯ ದಿನ. ಪ್ರತ್ಯೇಕ ಚಾಸಿ ಇಲ್ಲದಿದ್ದರೂ ಚಾಸಿ ನಂಬರ್ ಎಂದೇ ಕರೆಯುವ, ಗಾಡಿಯ ತಗಡಿನಲ್ಲೇ ಅಚ್ಚಾಗಿರುವ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು, ಅದು ಆರ್‌ಸಿಯ ನಂಬರಿಗೆ ಹೊಂದಬೇಕು. ತುಕ್ಕು ಕೆರೆಯುವ ಭರದಲ್ಲಿ ನಮ್ಮ ಹುಡುಗರು ಅದರ ಮೇಲೂ ಗ್ರೈಂಡರ್ ಓಡಿಸುವವರಿದ್ದರು. ಆ ಹಿರಿಯರು ಮೊದಲೇ ಅಲ್ಲಿ ಟೇಪ್ ಅಂಟಿಸಿಟ್ಟಿದ್ದರಿಂದ ಉಳಿಯಿತು. ಹಾಗಿದ್ದೂ ಒಂದು ಅಂಕಿ ಮೂರೋ ಎಂಟೋ ತಿಳಿಯದೆ ನಾಲ್ಕು ಸಲ ಉಜ್ಜಬೇಕಾಯಿತು. ಆ ಅಂಕಿ ಅಳಿದಿದ್ದರೆ ಅಷ್ಟೂ ಖರ್ಚು ಮಾಡಿದ ಗಾಡಿ ಅಂಗಳದ ಶೋಕೇಸಾಗಿ ಉಳಿಯುತ್ತಿತ್ತು.

ಹೋದ ವಾರ ಸಾಗರದ ಕಡೆಯವರೊಬ್ಬರು ತಮ್ಮ ಮಾವನವರ ಕಾರಿನ ಒಂಬತ್ತು ಫೋಟೋ ಕಳಿಸಿ, ಸ್ಟಾರ್ಟ್ ಮಾಡಿಸಬಹುದೇ ಎಂದು ಕೇಳಿದ್ದರು. ಒಂಬತ್ತೂ ಇಂಜಿನ್ನಿನವೇ. ಮ್ಯಾಟ್ ಎತ್ತಿ ನೆಲದ್ದೊಂದು, ಆರ್‌ಸಿಯದ್ದೊಂದು ಫೋಟೋ ಕಳಿಸಿ ಎಂದು ಬರೆದಿದ್ದೇನೆ. ಆರ್‌ಸಿಯದು ಬಂದಿದೆ.