ಎರಡು ಲಕ್ಷ ಓಡಿದ ಫಾರ್ಚೂನರ್ ತಗೊಳ್ಳೋ ಮುಂಚೆ: ಮೀಟರ್ ಬಿಡಿ, ಬಾಕಿ ಕೆಲಸ ಎಣಿಸಿ

ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ನೋಡಿಕೊಡಿ ಅಂತ ತುಮಕೂರಿನ ಗ್ಯಾರೇಜುಗಳಿಗೆ ಬರುವವರೆಲ್ಲರ ಮೊದಲ ಪ್ರಶ್ನೆ ಒಂದೇ: ಎಷ್ಟು ಓಡಿದೆ? ಗಾಡಿ ಚೆಕ್ ಮಾಡುವ ನಮಗೆ ಅದು ಕೊನೆಯ ಪ್ರಶ್ನೆ. ಫಾರ್ಚೂನರ್, ಎಂಡೀವರ್ ಥರದ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳು ಎರಡೂವರೆ ಲಕ್ಷ ಕಿಲೋಮೀಟರಿಗೆ ಸಾಯುವುದಿಲ್ಲ. ಅಷ್ಟು ಓಡುವಾಗ ಮಾಡಿಸಬೇಕಿತ್ತು, ಮಾಡಿಸಲಿಲ್ಲ ಅನ್ನುವ ಕೆಲಸಗಳು ಅವನ್ನು ಸಾಯಿಸುತ್ತವೆ. ಮಾರುವವನು ಗಾಡಿಯ ಜತೆಗೆ ಆ ಬಾಕಿಯನ್ನೂ ನಿಮ್ಮ ತಲೆಗೆ ಕಟ್ಟುತ್ತಾನೆ. ಬಾಕಿ ಎಷ್ಟು ಅಂತ ಗೊತ್ತಾದರೆ ಬೆಲೆ ಮಾತಾಡುವುದು ಸುಲಭ.

ಮೀಟರನ್ನು ಯಾಕೆ ನಂಬಬಾರದು ಅಂದರೆ, ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪ್ ಹಾಕಿ ಹಿಂದಕ್ಕೆ ತಿರುಗಿಸುವುದು ದೊಡ್ಡ ಕೆಲಸವೇನಲ್ಲ. "ಡಾಕ್ಟರ್ ಗಾಡಿ ಸಾರ್, ವಾರಕ್ಕೊಂದ್ಸಲ ಹೊರಗೆ ತೆಗೀತಿದ್ರು" ಅನ್ನುವ ಬ್ರೋಕರ್ ಮಾತು ಎಲ್ಲ ಊರಲ್ಲೂ ಒಂದೇ. ಮೀಟರಿನಲ್ಲಿ 80,000 ಇದೆ, ಆದರೆ ಬ್ರೇಕ್ ಪೆಡಲ್ ರಬ್ಬರಿನ ಗೀರುಗಳು ಸವೆದು ನುಣ್ಣಗಾಗಿವೆ, ಸ್ಟೇರಿಂಗ್ ಚರ್ಮ ಕೈ ಹಿಡಿಯುವ ಕಡೆ, ಗಡಿಯಾರದ ಹತ್ತು-ಎರಡರ ಜಾಗದಲ್ಲಿ, ಹೊಳೆಯುತ್ತಿದೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆ ಅಂದರೆ ಮೀಟರ್ ಸುಳ್ಳು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಕು ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2016ರ ಗಾಡಿ 35,000 ಓಡಿದೆ ಅಂತಾರೆ, ನಾಲ್ಕೂ ಟೈರು 2019ರವು, ಅವೂ ಸವೆದಿವೆ ಅಂದರೆ ಲೆಕ್ಕ ಕೂಡುವುದಿಲ್ಲ. ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿಯನ್ನು ಓನರ್ ಎದುರಿಗೇ ತೆಗೆಸಿ. ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದಿನ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಕೆಲಸ ಆಗಿಲ್ಲ ಅಂತಲೇ ಹಿಡಿಯಿರಿ.

ಈಗ ಇಂಜಿನ್. ನೋಡಲು ಬೆಳಿಗ್ಗೆಯೇ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಎತ್ತಿ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕೋಲ್ಡ್ ಸ್ಟಾರ್ಟಿನಲ್ಲಿ, ಅಂದರೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡುವಾಗ, ಗೊತ್ತಾಗಬಾರದು ಅಂತ ಮುಚ್ಚಿಡುವಂಥದ್ದು ಏನೋ ಇದೆ.

2009ರಿಂದ 2016ರವರೆಗಿನ ಹಳೇ ಫಾರ್ಚೂನರ್ ಡೀಸೆಲ್‌ನಲ್ಲಿ ವಾಲ್ವ್ ಮತ್ತು ಪಿಸ್ಟನ್ನಿನ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುತ್ತದೆ, ಚೈನ್ ಅಲ್ಲ. ಅದನ್ನು 1,50,000 ಕಿಲೋಮೀಟರಿಗೆ ಬದಲಿಸಬೇಕು. ಹೊತ್ತು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆಯೂ ಆ ದೀಪವನ್ನು ರೀಸೆಟ್ ಮಾಡಬಹುದು ಅನ್ನುವುದು ಮಾರುವವರಿಗೆ ಚೆನ್ನಾಗಿ ಗೊತ್ತು. ಇನ್ನೊಂದು, ದೀಪ ಹತ್ತುವುದು ಮೀಟರಿನ ಎಣಿಕೆಯ ಮೇಲೆ. ಮೀಟರ್ ತಿರುಗಿಸಿದ ಗಾಡಿಯಲ್ಲಿ ದೀಪ ಸುಮ್ಮನಿರುತ್ತದೆ, ಬೆಲ್ಟ್ ಮಾತ್ರ ಸವೆಯುತ್ತಲೇ ಇರುತ್ತದೆ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆದು ಹೆಡ್ ಬಿಚ್ಚುವ ಕೆಲಸವೇ ಬರುತ್ತದೆ. ಬಿಲ್ಲಿನಲ್ಲಿ ಬೆಲ್ಟ್, ಅದರ ದಾರಿ ಮತ್ತು ಬಿಗಿ ಕಾಯುವ ರಾಟೆಗಳಾದ ಐಡ್ಲರ್, ಟೆನ್ಷನರ್ ಮೂರೂ ಇರಬೇಕು. ಬರೀ ಬೆಲ್ಟ್ ಇದ್ದರೆ ಅರ್ಧ ಕೆಲಸ ಆಗಿದೆ ಅಂತ ಅರ್ಥ.

ಇದಕ್ಕಿಂತ ದುಬಾರಿಯಾದ, ಯಾರೂ ನೋಡದ ಬಾಕಿ ಒಂದಿದೆ: ಈ ಹಳೇ ಫಾರ್ಚೂನರಿನ 3.0 ಲೀಟರ್ ಇಂಜಿನ್ನಿನ, ಅಂದರೆ 1ಕೆಡಿ ಇಂಜಿನ್ನಿನ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡದಲ್ಲಿ ಕೂರುವ ತಾಮ್ರದ ವಾಷರ್. ನಾಲ್ಕು ಇಂಜೆಕ್ಟರಿಗೆ ನಾಲ್ಕು ವಾಷರ್. ಇವು ಸೋತಾಗ ಸಿಲಿಂಡರಿನ ಉರಿದ ಗ್ಯಾಸ್ ಇಂಜೆಕ್ಟರ್ ಪಕ್ಕದಿಂದ ಮೇಲೆ ನುಗ್ಗುತ್ತದೆ. ಈ ಇಂಜಿನ್ನಿನಲ್ಲಿ ಇಂಜೆಕ್ಟರ್ ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ನೆತ್ತಿಯ ಮುಚ್ಚಳದ, ಒಳಗೆ ಹಾದು ಹೋಗುವುದರಿಂದ ಗ್ಯಾಸ್ ಹೊರಗೆ ಬರದೆ ನೇರ ಆಯಿಲ್ ಇರುವ ಜಾಗಕ್ಕೇ ಇಳಿಯುತ್ತದೆ. ಅದರ ಮಸಿ ಆಯಿಲಿನಲ್ಲಿ ಬೆಂದು ಗಟ್ಟಿ ಕಿಟ್ಟವಾಗಿ ಕೆಳಗಿಳಿದು ಸಂಪಿನಲ್ಲಿ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಎಳೆಯುವ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಡಿಪ್‌ಸ್ಟಿಕ್ಕಿನಲ್ಲಿ ಲೆವೆಲ್ ಸರಿಯಾಗೇ ತೋರಿಸುತ್ತದೆ, ಪಂಪಿಗೆ ಆಯಿಲ್ ಸಿಗುವುದಿಲ್ಲ. ಮೊದಲು ಟರ್ಬೊ ಕೂಗುತ್ತದೆ, ಆಮೇಲೆ ಬೇರಿಂಗ್ ಹೋಗಿ ಇಂಜಿನ್ ಜಾಮ್. ಆಯಿಲ್ ಸರಿಯಾಗೇ ಇತ್ತು, ಆದರೂ ಇಂಜಿನ್ ಹಿಡಿದುಬಿಟ್ಟಿತು ಅಂತ ಜನ ಹೇಳುವ ಗಾಡಿಗಳಲ್ಲಿ ಬಹುಪಾಲಿಗೆ ಕಾರಣ ಇದೇ.

ಪತ್ತೆ ಮಾಡುವುದು ಹೀಗೆ. ಕೋಲ್ಡ್ ಸ್ಟಾರ್ಟಿನಲ್ಲಿ ಮೊದಲ ಅರ್ಧ ನಿಮಿಷ ಟ್ಯಾಪೆಟ್ ಕವರ್ ಹತ್ತಿರ ಕಿವಿ ಕೊಟ್ಟರೆ ಚುಸ್ ಚುಸ್ ಅಂತ ಗಾಳಿ ನುಸುಳುವ ಸದ್ದು ಬರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲೇ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಲ್ಲೇ ಸಡಿಲವಾಗಿ ಇಡಿ. ಸಣ್ಣಗೆ ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ ಬ್ಲೋ-ಬೈ, ಅಂದರೆ ಸಿಲಿಂಡರಿನಿಂದ ನುಸುಳಿ ಬರುವ ಗ್ಯಾಸ್, ಜಾಸ್ತಿ: ವಾಷರೋ, ಪಿಸ್ಟನ್ ರಿಂಗೋ, ಎರಡರಲ್ಲೊಂದು. ಮುಚ್ಚಳದ ಒಳಭಾಗ ಬೆರಳಲ್ಲಿ ಉಜ್ಜಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ಹರಳು ಹರಳಾಗಿ ಕಿಟ್ಟ ಬಂದರೆ ಮಾತ್ರ ನಿಲ್ಲಿ. ಕೊನೆಗೆ ಸ್ಕ್ಯಾನರ್ ಹಾಕಿ ಬಿಸಿ ಐಡಲ್‌ನಲ್ಲಿ ನಾಲ್ಕೂ ಇಂಜೆಕ್ಟರಿನ ಫೀಡ್‌ಬ್ಯಾಕ್, ಅಂದರೆ ಇಂಜಿನ್ ಕಂಪ್ಯೂಟರ್ ಪ್ರತಿ ಇಂಜೆಕ್ಟರಿಗೆ ಮಾಡಿರುವ ಡೀಸೆಲ್ ತಿದ್ದುಪಡಿ, ಓದಿ. ಪ್ಲಸ್ 3, ಮೈನಸ್ 3ರ ಒಳಗಿರಬೇಕು. ಒಂದೇ ಒಂದು ಹೊರಗೆ ಓಡಿದ್ದರೂ ಆ ಇಂಜೆಕ್ಟರಿನ ದುಡ್ಡನ್ನು ಬಾಕಿಗೆ ಸೇರಿಸಿ.

ಪೂರ್ತಿ ಖಾತ್ರಿ ಬೇಕಾದರೆ ಸಂಪಿನ ಕೆಳಗಿನ ತಗಡಿನ ತಟ್ಟೆ ಬಿಚ್ಚಿ ಜಾಲರಿಯನ್ನು ಕಣ್ಣಾರೆ ನೋಡಬೇಕು. ಇಂಜಿನ್ ಇಳಿಸಬೇಕಿಲ್ಲ, ಅರ್ಧ ದಿನದ ಕೆಲಸ. ಮಾರುವವರು ಒಪ್ಪುವುದಿಲ್ಲ ಅಂತ ಸುಮ್ಮನಾಗಬೇಡಿ. ಸುಮಾರು ಏಳು ಲೀಟರ್ ಆಯಿಲ್, ಫಿಲ್ಟರ್, ಸಿಲಿಕಾನ್ ಗ್ಯಾಸ್ಕೆಟ್ ಖರ್ಚು ನನ್ನದು, ಜಾಲರಿ ಕಟ್ಟಿದ್ದರೆ ಅಡ್ವಾನ್ಸ್ ವಾಪಸ್ ಅಂತ ಬರೆಸಿಕೊಂಡು ಟೋಕನ್ ಕೊಡಿ. ಗಾಡಿ ಸರಿ ಇರುವವನು ಒಪ್ಪುತ್ತಾನೆ.

ವಾಷರ್ ಬದಲಿಸುವಾಗ ಗ್ಯಾರೇಜಿನವರು ಮಾಡುವ ಕಳ್ಳಗೆಲಸವನ್ನೂ ಹೇಳಿಬಿಡಬೇಕು. ಇಂಜೆಕ್ಟರ್ ಎತ್ತಿದಾಗ ಹಳೇ ವಾಷರ್ ಬುಡದಲ್ಲೇ ಅಂಟಿಕೊಂಡಿರುತ್ತದೆ, ಅದರ ಮೇಲೇ ಹೊಸದನ್ನು ಕೂರಿಸಿಬಿಡುತ್ತಾರೆ. ಹಾಗಲ್ಲ, ಹಳೇದನ್ನು ಕಿತ್ತು, ಕೂರುವ ಜಾಗದ ಮಸಿ ಕೆರೆದು, ಸಿಲಿಂಡರಿಗೆ ಕಸ ಬೀಳದಂತೆ ನೋಡಿಕೊಂಡು, ರಿಟರ್ನ್ ಪೈಪಿನ ವಾಷರ್‌ಗಳನ್ನೂ ಹೊಸದು ಹಾಕಿ, ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಇಂಜೆಕ್ಟರನ್ನೇ ಬದಲಿಸಿದರೆ ಅದರ ತಲೆ ಮೇಲಿನ ಕೋಡನ್ನು ಇಂಜಿನ್ ಕಂಪ್ಯೂಟರಿಗೆ (ಇಸಿಯು) ಹಾಕಿಸಬೇಕು. ಇಲ್ಲದಿದ್ದರೆ ಐಡಲ್ ನಡುಗುತ್ತದೆ.

2016ರ ನವೆಂಬರಿನಲ್ಲಿ ಬಂದ ಎರಡನೇ ಫಾರ್ಚೂನರಿನ 2.8 ಡೀಸೆಲ್‌ನಲ್ಲಿ ಚೈನ್ ಇದೆ, ಬೆಲ್ಟಿನ ತಲೆನೋವಿಲ್ಲ. 2020ರಿಂದ ಈಚಿನ ಬಿಎಸ್6 ಗಾಡಿಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದು ಆಮೇಲೆ ಸುಡುವ ಫಿಲ್ಟರ್, ನೋಡಬೇಕು. ಊರೊಳಗೇ ಐದಾರು ಕಿಲೋಮೀಟರ್ ಓಡಿಸಿ ಆಫ್ ಮಾಡುವ ಗಾಡಿಯಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಕೆಲವು ಇಂಜಿನ್ನುಗಳಲ್ಲಿ ಅದಕ್ಕೆ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಲೆವೆಲ್ ಮೇಲಿನ ಗೆರೆ ದಾಟಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಅದೇ.

ಎಂಡೀವರಿನ ಮಾತು ಬೇರೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ರೇಟ್ ಇಳಿಯಿತು, ಕೊಳ್ಳುವವರಿಗೆ ಅದೇ ಆಸೆ. ಗಾಡಿ ಒಳ್ಳೆಯದೇ. ಆದರೆ 3.2 ಐದು ಸಿಲಿಂಡರ್ ಇಂಜಿನ್ನಿನ ಆಯಿಲ್ ಬದಲಿಸುವಾಗ ಹಳೇ ಆಯಿಲ್ ಇಳಿಸಿ ಹತ್ತು ನಿಮಿಷದೊಳಗೆ ಹೊಸದು ತುಂಬಬೇಕು. ರಾತ್ರಿಯಿಡೀ ಸೋರಲು ಬಿಟ್ಟರೆ ಆಯಿಲ್ ಪಂಪ್ ಒಣಗಿ, ಸ್ಟಾರ್ಟ್ ಮಾಡಿದಾಗ ಎಳೆಯುವುದೇ ಇಲ್ಲ. ಪೂರ್ತಿ ಇಳೀಲಿ ಬಿಡು ಅನ್ನುವ ನಮ್ಮ ಕಡೆಯ ಒಳ್ಳೇ ಅಭ್ಯಾಸವೇ ಈ ಇಂಜಿನ್ನಿಗೆ ವಿಷ. ಸರ್ವಿಸ್ ಎಲ್ಲಿ ಆಗಿದೆ ಅಂತ ಕೇಳುವುದು ಇದಕ್ಕೇ. 2020ರ 2.0 ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ಗ್ರೇಡ್ ತಪ್ಪಿದ ಆಯಿಲ್ ಹಾಕಿದ್ದರೆ ಬೆಲ್ಟಿನ ಚೂರುಗಳು ಜಾಲರಿಗೆ ಬರುತ್ತವೆ. ಆಯಿಲ್ ಬಿಲ್ ಇಲ್ಲದ 2.0 ನಾನಾದರೆ ತಗೊಳ್ಳುವುದಿಲ್ಲ.

ಕೂಲಿಂಗ್ ವಿಷಯದಲ್ಲಿ ನಮ್ಮ ಜಿಲ್ಲೆಯ ಗಾಡಿಗಳಿಗೆ ಒಂದು ವಿಶೇಷ ಕಾಯಿಲೆ ಇದೆ, ಅದು ಬೋರ್ ನೀರು. ಪಾವಗಡ, ಮಧುಗಿರಿ, ಶಿರಾ ಕಡೆಯ ಗಡಸು ನೀರನ್ನು ಕೂಲೆಂಟ್ ಕಮ್ಮಿಯಾದಾಗಲೆಲ್ಲ ಬಾಟಲಿಯಲ್ಲಿ ಹಿಡಿದು ಸುರಿಯುತ್ತಾರೆ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳೀ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಒಳಕತ್ತಿಗೆ ಬೆರಳಾಡಿಸಿ. ತುಕ್ಕು ಬಣ್ಣದ ಕೆಸರೋ ಬಿಳೀ ಹುಡಿಯೋ ಬಂದರೆ ರೇಡಿಯೇಟರ್ ಖರ್ಚು ಬರೆದುಕೊಳ್ಳಿ. ಎಣ್ಣೆಯ ಜಿಡ್ಡು ತೇಲಿದರೆ ಮಾತು ಅಲ್ಲಿಗೇ ನಿಲ್ಲಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ರೇಡಿಯೇಟರಿನ ಮೇಲ್ಗಡೆಯ ಹೋಸ್ ಬೆಳಿಗ್ಗೆಯೂ ಉಬ್ಬಿ ಗಟ್ಟಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬಿಸಿ ಇಂಜಿನ್ ಆಫ್ ಮಾಡಿ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಬಿಗಿ ಇರಬೇಕು. ಗರಗರ ತಿರುಗಿದರೆ ಫ್ಯಾನ್ ಕಪ್ಲಿಂಗ್ ಹೋಗಿದೆ.

ಟೆಸ್ಟ್ ಡ್ರೈವ್ ಹೈವೇಯಲ್ಲಿ ಮಾತ್ರ ಮಾಡಿಸಿದರೆ ಎಲ್ಲ ಗಾಡಿಯೂ ಬಂಗಾರ. ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಬೆಟ್ಟ ಹತ್ತಿಸಿ, ನಾಲ್ಕು ಜನ ಕೂತು, ಹಿಂದಿನ ಎಸಿಯೂ ಆನ್ ಇರಲಿ. ಟೆಂಪರೇಚರ್ ಮುಳ್ಳು ನಡು ದಾಟಬಾರದು. ಹಿಂದಿನ ಸೀಟಿನವರಿಗೆ ತಣ್ಣಗೆ ಬರಬೇಕು, ಏಕೆಂದರೆ ಹಿಂದಕ್ಕೆ ಹೋಗುವ ಎಸಿ ಪೈಪು ಕೆಳಗಡೆ ಹಾದು ಸೋರುವುದು ಸಾಮಾನ್ಯ. ಇಳಿಯುವಾಗ ಬ್ರೇಕ್ ಹಿಡಿದರೆ ಸ್ಟೇರಿಂಗ್ ನಡುಗುತ್ತದೆಯಾ ನೋಡಿ. ಹಳೇ ಫಾರ್ಚೂನರಿನ ಬ್ರೇಕ್ ಹೊಸದಿದ್ದಾಗಲೇ ಅಷ್ಟಕ್ಕಷ್ಟೆ, ಮುಂದಿನ ಡಿಸ್ಕ್ ಸೊಟ್ಟಗಾಗಿದ್ದರೆ ಕೇಳಬೇಡಿ. ಮ್ಯಾನ್ಯುವಲ್ ಆದರೆ ಸಮ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ಕ್ಕೆ ಇಳಿಸಿ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ. ಆಟೊಮ್ಯಾಟಿಕ್ ಆದರೆ ಗೇರ್ ಬೀಳುವಾಗ ಹಿಂದಿನಿಂದ ಗುದ್ದಿದ ಹಾಗಾಗಬಾರದು. "ಲೈಫ್‌ಟೈಮ್ ಆಯಿಲ್ ಸಾರ್, ಬದಲಿಸೋದು ಬೇಡ" ಅಂದರೆ ನಕ್ಕು, ಗೇರ್ ಆಯಿಲಿನ ಬಾಕಿಯನ್ನೂ ಬರೆದುಕೊಳ್ಳಿ.

ಫೋರ್ ಬೈ ಫೋರ್ ಅಂತ ಬ್ಯಾಡ್ಜ್ ಅಂಟಿಸಿದ ಗಾಡಿಗಳೂ ಇವೆ, ಲೋ ಗೇರಿನ ಲಿವರ್ ಅಥವಾ ಡಯಲ್ ಇದೆಯಾ ನೋಡಿ. ಇದ್ದರೆ ಮಣ್ಣಿನ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಲೋಗೆ ಹಾಕಿ, ಹತ್ತು ಮೀಟರ್ ಓಡಿಸಿ, ವಾಪಸ್ ತೆಗೆಯಿರಿ. ವರ್ಷಗಟ್ಟಲೆ ಮುಟ್ಟದ ಗಾಡಿಯಲ್ಲಿ ಇದು ಹಿಡಿದುಕೊಂಡಿರುತ್ತದೆ.

ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಇವೆಲ್ಲ ಎರಡು ಲಕ್ಷಕ್ಕೆ ಹೋಗೇ ಹೋಗಿರುತ್ತವೆ. ಹೋಗಿದೆ ಅಂತ ಗಾಡಿ ಬಿಡಬೇಡಿ, ದುಡ್ಡು ಕಡಿಮೆ ಮಾಡಿಸಿ.

ಚಾಸಿ ಮಾತ್ರ ರಾಜಿ ಇಲ್ಲದ ವಿಷಯ. ಪಿಟ್ ಮೇಲೆ ನಿಲ್ಲಿಸಿ ಮುಂದಿನ ಎರಡು ತುದಿಯಲ್ಲಿ ವೆಲ್ಡಿಂಗ್, ಹೊಸ ಬಣ್ಣ, ಸುಕ್ಕು ಹುಡುಕಿ. ಚಾಸಿ ಮೇಲೆ ಕೊರೆದ ನಂಬರನ್ನು ಆರ್‌ಸಿ ಜತೆ ಅಕ್ಷರ ಅಕ್ಷರ ಹೋಲಿಸಿ. ಬಾನೆಟ್, ಬಾಗಿಲ ಹಿಂಜಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಒಂದು ಸಲ ಬಿಚ್ಚಿದ್ದಾರೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಆ ದೀಪವನ್ನೇ ಕಿತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಹೊರವರ್ತುಲ ರಸ್ತೆ ಕಡೆ ದುಬಾರಿ ಗಾಡಿಗಳೇ ನೀರಲ್ಲಿ ನಿಂತವು. ಅಂಥವನ್ನು ಕಂಡುಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿರುವ ಆ ಕೊನೆಯ ಅಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅಷ್ಟು ದೂರ ಯಾರೂ ತೊಳೆದಿರುವುದಿಲ್ಲ.

ಕಾಗದಪತ್ರ. ದೆಹಲಿಯ ಹತ್ತು ವರ್ಷದ ಡೀಸೆಲ್ ಮಿತಿಯಿಂದ ಅಗ್ಗಕ್ಕೆ ಇಲ್ಲಿಗೆ ಬಂದ ಗಾಡಿಗಳಿಗೆ ಅಲ್ಲಿನ ಎನ್‌ಒಸಿ ಅಂದರೆ ಫಾರಂ 28 ಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಆಗಬೇಕು. ಟ್ಯಾಕ್ಸ್ ಸೇರಿಸಿದ ಮೇಲೂ ಅಗ್ಗವಾ ಅಂತ ಲೆಕ್ಕ ಹಾಕಿ. ಲೋನ್ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35. ಹೆಸರು ಬದಲಿಗೆ 29 ಮತ್ತು 30. 15 ವರ್ಷ ತುಂಬುತ್ತಿರುವ ಗಾಡಿಗೆ ಆರ್‌ಸಿ ನವೀಕರಣದ ಖರ್ಚು, ಗ್ರೀನ್ ಟ್ಯಾಕ್ಸ್ ಸೇರಿಸಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ, ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು, ಯಾವುದಕ್ಕೆ ಅಂತ ಕೇಳಿ.

ಇಷ್ಟೂ ಬಾಕಿಯನ್ನು ಒಂದು ಹಾಳೆಯಲ್ಲಿ ಬರೆದು, ಬಿಲ್ ಇಲ್ಲದ ಪ್ರತಿ ಕೆಲಸದ ಮುಂದೆ ಪಾರ್ಟ್ಸ್ ಅಂಗಡಿಯ ರೇಟ್ ಹಾಕಿ ಕೂಡಿಸಿ. ಈ ಸೈಜಿನ ಟೈರೇ ಒಂದೊಂದು ಹತ್ತು ಸಾವಿರದ ಮೇಲೆ. ಆ ಮೊತ್ತ ಕಳೆದು ಬಂದದ್ದೇ ನಿಮ್ಮ ರೇಟ್. ವ್ಯಾಪಾರ ಕುದುರಿದರೆ ಗಾಡಿ ಮನೆಗೆ ಬಂದ ವಾರದಲ್ಲೇ ಹಳೇ ಕೂಲೆಂಟ್ ಪೂರ್ತಿ ಇಳಿಸಿ, ನೀರು ಬೆರೆಸದ ಹೊಸ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜತೆ ಅರ್ಧಕ್ಕರ್ಧ ತುಂಬಿಸಿ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ಗಾಡಿ ಗುದ್ದಿದ ದಿನ ನಿಮ್ಮ ಡ್ಯಾಮೇಜಿಗೆ ಕ್ಲೇಮ್ ಸಿಗುವುದಿಲ್ಲ.