ಸೋಪಿನ ದುಡ್ಡು
ಜಯನಗರದಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಆಮ್‌ವೇ ಕಂಪನಿಯ ಸೋಪು-ಗೀಪು ಮಾರುವ ಒಬ್ಬ ನೆಂಟರಾದರೂ ಇರುತ್ತಿದ್ದರು. ಆ ಕಂಪನಿ ಶುರುವಾಗಿದ್ದು 1959ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಡಿವೋಸ್, ವ್ಯಾನ್ ಆಂಡೆಲ್ ಅನ್ನೋ ಇಬ್ಬರು ಗೆಳೆಯರದ್ದು, ಈಗಲೂ ಅವೆರಡು ಕುಟುಂಬಗಳದ್ದೇ.

ಡಿವೋಸ್ ಮನೆಯವರು ದಶಕಗಳಿಂದ ರಿಪಬ್ಲಿಕನ್ ಪಕ್ಷಕ್ಕೆ ಜಾಸ್ತಿ ದೇಣಿಗೆ ಕೊಡುತ್ತಾ ಬಂದವರು. ಸುಮ್ನೆ ಅಲ್ಲ, ಕೊಟ್ಟಿದ್ದಕ್ಕೆ ಪ್ರತಿಫಲ ನಿರೀಕ್ಷಿಸುತ್ತೇವೆ ಅಂತ ಸೊಸೆ ಬೆಟ್ಸಿ 1997ರಲ್ಲಿ ಪತ್ರಿಕೆಯೊಂದರಲ್ಲೇ ಬರೆದಿದ್ದರು! 2017ರಲ್ಲಿ ಅಧ್ಯಕ್ಷ ಟ್ರಂಪ್ ಈ ಬೆಟ್ಸಿಯನ್ನು ಶಿಕ್ಷಣ ಸಚಿವೆ ಮಾಡಲು ಹೊರಟಾಗ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ವೋಟು 50–50 ಆಗಿ, ಕೊನೆಗೆ ಉಪಾಧ್ಯಕ್ಷ ಪೆನ್ಸ್ ವೋಟು ಹಾಕಿ ಗೆಲ್ಲಿಸಬೇಕಾಯಿತು. ಸಚಿವರೊಬ್ಬರ ನೇಮಕಕ್ಕೆ ಅಲ್ಲಿ ಹಾಗಾಗಿದ್ದು ಅದೇ ಮೊದಲು.

ನನಗೆ ಅವರ ರಾಜಕೀಯ ಒಪ್ಪಿಗೆಯಿಲ್ಲ. ಆದರೂ ಆ ನೇರ ಮಾತು ಇಷ್ಟವಾಯಿತು. ನಮ್ಮಲ್ಲಿ ಪಕ್ಷಗಳಿಗೆ ದುಡ್ಡು ಕೊಡುವವರು ಇಷ್ಟು ಬಾಯಿಬಿಟ್ಟು ಹೇಳುವುದು ಕಡಿಮೆ, ಅಲ್ವಾ?